ಬೋರ್‌ವೆಲ್‌ಗೆ ಶಬ್ದ ಇಳಿಬಿಟ್ಟು ನೀರಿನ ಮಟ್ಟ ಅಳೆದ ಕೆಲಸ

ನಮ್ಮ ತೋಟ ತುಮಕೂರು ಕಡೆ. ತೆಂಗು, ಅಡಿಕೆ. ಬೋರ್‌ವೆಲ್ 420 ಅಡಿ, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸಿದ ಹೊರ ಪೈಪ್) 80 ಅಡಿ, ಮೋಟರ್ 340 ಅಡಿಯಲ್ಲಿದೆ. ಅಂದರೆ 20 ಅಡಿಯ ಜಿಐ ಪೈಪ್ 17 ಲೆಂತ್. ಎರಡು ಇಂಚು ಬರುತ್ತಿದ್ದ ನೀರು ಬರ್ತಾ ಬರ್ತಾ ಒಂದು ಇಂಚಿಗೆ ಇಳಿಯಿತು. ಮೋಟರ್ ಮೆಕ್ಯಾನಿಕ್ ಬಂದು ನೋಡಿ, "ನೀರು ಕೆಳಗೆ ಹೋಗಿದೆ ಸಾರ್, ಇನ್ನೂ ಮೂರು ಲೆಂತ್ ಇಳಿಸಿ" ಅಂದರು. ಪೈಪು, ಕೇಬಲ್, ಕೂಲಿ ಸೇರಿ ಹತ್ತು ಹನ್ನೆರಡು ಸಾವಿರದ ಮಾತು. ಆದರೆ ನೀರು ನಿಜವಾಗಿ ಎಷ್ಟು ಅಡಿಯಲ್ಲಿದೆ ಅಂತ ಯಾರೂ ಅಳೆದಿರಲಿಲ್ಲ. ದಾರಕ್ಕೆ ಕಲ್ಲು ಕಟ್ಟಿ ಬಿಡೋಣ ಅಂದರೆ ಅದು ಪೈಪಿಗೂ ಕೇಬಲ್‌ಗೂ ಸುತ್ತಿಕೊಂಡು ಸಿಕ್ಕಿಹಾಕಿಕೊಳ್ಳುವ ಭಯ. ಹಾಗಾಗಿ ಶಬ್ದದಿಂದಲೇ ಅಳೆಯೋಣ ಅಂತ ಶುರು ಮಾಡಿದ್ದು. ಮೇಲಿಂದ ಒಂದು ಸದ್ದು ಬಿಡಬೇಕು, ಅದು ನೀರಿಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಬೇಕು, ಅಷ್ಟೇ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಕೆಟ್ಟದ್ದು, ಕೈಕೊಟ್ಟದ್ದು ಎಲ್ಲವನ್ನೂ ಬರೆದಿದ್ದೇನೆ.

ಹಂತ 1: ಅಲ್ಟ್ರಾಸೋನಿಕ್ ಸೆನ್ಸರ್ (ಆಗಲಿಲ್ಲ)

ಮನೆಯಲ್ಲಿ ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಕಿವಿಗೆ ಕೇಳದ ಶಬ್ದ ಬಿಟ್ಟು ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಇತ್ತು. ಸಿಂಟೆಕ್ಸ್ ಟ್ಯಾಂಕಿನ ನೀರು ಅಳೆಯಲು ತಂದದ್ದು, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೋರ್‌ವೆಲ್ ಬಾಯಿಗೆ ಹಿಡಿದಾಗ ಒಂದು ಮೀಟರ್ ಆಸುಪಾಸಿನ ಯಾವುದೋ ಸಂಖ್ಯೆ ಬರುತ್ತಿತ್ತು, ಸ್ವಲ್ಪ ವಾಲಿಸಿದರೆ ಬೇರೆ ಸಂಖ್ಯೆ.

ಕಾರಣ ಸರಳ. ಇದು 40 ಕಿಲೋಹರ್ಟ್ಜ್ ಶಬ್ದ ಬಿಡುತ್ತದೆ. ಆ ಶಬ್ದದ ಅಲೆಯ ಉದ್ದ 9 ಮಿಲಿಮೀಟರ್‌ಗಿಂತ ಕಡಿಮೆ. ಅಷ್ಟು ಚಿಕ್ಕ ಅಲೆಗೆ ಕೇಬಲ್ ಕಟ್ಟಿದ ಪಟ್ಟಿ, ಪೈಪಿನ ಕಪ್ಲಿಂಗ್, ಕೇಸಿಂಗ್‌ನ ತುಕ್ಕು ಎಲ್ಲವೂ ಗೋಡೆಯೇ. ಜೊತೆಗೆ ಈ ಸೆನ್ಸರ್‌ನ ಮಿತಿಯೇ 4 ಮೀಟರ್. ಇದನ್ನು ಇಲ್ಲಿಗೇ ಬಿಟ್ಟೆ. ದೂರ ಹೋಗಬೇಕಾದರೆ ದಪ್ಪ ಸದ್ದೇ (ಕಡಿಮೆ ಫ್ರೀಕ್ವೆನ್ಸಿಯದು) ಬೇಕು.

ಹಂತ 2: ಅಂಗಳದಲ್ಲಿ 6 ಮೀಟರ್ ಪೈಪ್

ಸೀದಾ ಬೋರ್‌ವೆಲ್‌ಗೆ ಹೋಗುವ ಮೊದಲು ಉದ್ದ ಗೊತ್ತಿರುವ ಪೈಪಿನಲ್ಲಿ ನೋಡುವುದು ಒಳ್ಳೆಯದು. ಡ್ರಿಪ್ ಲೈನ್ ಹಾಕಿಸಿದಾಗ ಉಳಿದಿದ್ದ 110 ಎಂಎಂ ಪಿವಿಸಿ ಪೈಪ್ ಒಂದಿತ್ತು, ಸರಿಯಾಗಿ 6 ಮೀಟರ್. ಒಂದು ತುದಿಗೆ ಎಂಡ್ ಕ್ಯಾಪ್ ಹಾಕಿದೆ. ಇನ್ನೊಂದು ತುದಿಯಿಂದ 2 ಸೆಂಟಿಮೀಟರ್ ಒಳಗೆ 8 ಎಂಎಂ ಡ್ರಿಲ್ ಬಿಟ್‌ನಿಂದ ತೂತು ಮಾಡಿ ಕಾಲರ್ ಮೈಕ್ ತೂರಿಸಿದೆ. ಮೈಕ್ 180 ರೂಪಾಯಿಯದು.

ಮೊದಲು ಚಪ್ಪಾಳೆ ತಟ್ಟಿ ನೋಡಿದೆ. ಬೇಡ. ಮುಕ್ಕಾಲು ಸದ್ದು ಪೈಪಿನ ಹೊರಗೇ ಹರಡುತ್ತದೆ, ಅಂಗಳದ ಗೋಡೆಗೆ ಬಡಿದದ್ದೂ ಮೈಕಿಗೆ ಬರುತ್ತದೆ. ಸರಿಯಾಗಿ ಕೆಲಸ ಮಾಡಿದ್ದು ಹವಾಯಿ ಚಪ್ಪಲಿ. ಪೈಪಿನ ಬಾಯಿಗೆ ಚಪ್ಪಲಿಯಿಂದ ಪಟ್ ಅಂತ ಹೊಡೆದು ಹಾಗೇ ಒತ್ತಿ ಹಿಡಿಯಬೇಕು. ಒಳಗಿನ ಗಾಳಿ ಒಮ್ಮೆ ಒತ್ತಲ್ಪಟ್ಟು, ಆ ಒತ್ತಡದ ಒಂದೇ ತುಂಡು ಪೈಪಿನುದ್ದಕ್ಕೂ ಓಡುತ್ತದೆ.

ಒತ್ತಿ ಹಿಡಿಯುವುದು ಯಾಕೆ ಮುಖ್ಯ ಅಂದರೆ, ಹೊಡೆದ ತಕ್ಷಣ ಚಪ್ಪಲಿ ತೆಗೆದರೆ ವಾಪಸ್ ಬಂದ ಸದ್ದು ಮೈಕಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ತೆರೆದ ಬಾಯಿಯ ಹತ್ತಿರ ಗಾಳಿ ಆರಾಮಾಗಿ ಹೊರಗೆ ಹೋಗಿಬಿಡುತ್ತದೆ, ಒತ್ತಡ ಏರುವುದೇ ಇಲ್ಲ. ಮೈಕ್ ಅಳೆಯುವುದು ಒತ್ತಡವನ್ನು. ಮುಚ್ಚಿದ ಬಾಯಿಯ ಹತ್ತಿರವಾದರೆ ಬರುವ ಅಲೆ, ತಿರುಗುವ ಅಲೆ ಎರಡೂ ಕೂಡಿ ಒತ್ತಡ ಎರಡರಷ್ಟಾಗುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಹಂತ 3: ರೆಕಾರ್ಡಿಂಗ್

ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಫೋನು ತಾನೇ ಸದ್ದನ್ನು ಏರಿಸುತ್ತದೆ, ಇಳಿಸುತ್ತದೆ, ಗದ್ದಲ ಅಂತ ತಿಳಿದು ಪ್ರತಿಧ್ವನಿಯನ್ನೇ ಅಳಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಹಾಕಿಕೊಂಡೆ, ಸದ್ದು ರೆಕಾರ್ಡ್ ಮಾಡಿ ಅದನ್ನು ಏರಿಳಿಯುವ ಗೆರೆಯಾಗಿ ತೋರಿಸುವ ಸಾಫ್ಟ್‌ವೇರ್, ಅದು ಉಚಿತ. ಅಲ್ಲೂ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಮೈಕಿನ ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್ ಮಾಡಬೇಕು. ಮಾಡದಿದ್ದರೆ ಫೋನಿನ ಕಥೆಯೇ ಇಲ್ಲೂ ಆಗುತ್ತದೆ. ಇನ್ನೊಂದು, ಈಗಿನ ಲ್ಯಾಪ್‌ಟಾಪ್‌ಗೆ ಒಂದೇ ಜ್ಯಾಕ್ ಇರುತ್ತದೆ. ಮೈಕ್ ಮತ್ತು ಸ್ಪೀಕರ್ ಎರಡೂ ಬೇಕು ಅಂದರೆ ಹೆಡ್‌ಸೆಟ್ ಸ್ಪ್ಲಿಟರ್ ತಗೊಳ್ಳಿ, 120 ರೂಪಾಯಿ.

ಆಡಾಸಿಟಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಅಷ್ಟು ಸಲ ಸದ್ದನ್ನು ಅಳೆದು ಬರೆದುಕೊಳ್ಳುತ್ತದೆ. ಒಂದು ಸ್ಯಾಂಪಲ್ ಹೊತ್ತಿನಲ್ಲಿ ಶಬ್ದ ಸುಮಾರು 8 ಮಿಲಿಮೀಟರ್ ಓಡುತ್ತದೆ. ಹೋಗಿ ಬರುವ ದಾರಿ ಆದ್ದರಿಂದ ಆಳದ ಲೆಕ್ಕದಲ್ಲಿ 4 ಮಿಲಿಮೀಟರ್. ನಮಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಸೂಕ್ಷ್ಮ. ಅಳೆಯುವಾಗ ಮೊದಲ ಏರಿನ ತುದಿಯಿಂದ ಪ್ರತಿಧ್ವನಿಯ ಏರಿನ ತುದಿಗೆ ಸೆಲೆಕ್ಟ್ ಮಾಡಿ, ಕೆಳಗೆ ಬರುವ ಸಂಖ್ಯೆ ಬರೆದುಕೊಳ್ಳುವುದು.

ಹಂತ 4: ಮುಚ್ಚಿದ ತುದಿ, ತೆರೆದ ತುದಿ

ಇದು ಇಡೀ ಕೆಲಸದ ಮುಖ್ಯ ಹಂತ. ಬಿಡಬೇಡಿ.

ದೂರದ ತುದಿಗೆ ಕ್ಯಾಪ್ ಹಾಕಿ ಹೊಡೆದಾಗ ಪ್ರತಿಧ್ವನಿಯ ಗೆರೆ ಮೊದಲ ಗೆರೆಯ ಹಾಗೇ ಮೇಲಕ್ಕೆ ಎದ್ದಿತ್ತು. ಕ್ಯಾಪ್ ತೆಗೆದು ಹೊಡೆದಾಗಲೂ ಪ್ರತಿಧ್ವನಿ ಬಂತು! ತೆರೆದ ತುದಿಯಿಂದಲೂ ಶಬ್ದ ವಾಪಸ್ ಬರುತ್ತದೆ. ಆದರೆ ಈಗ ಗೆರೆ ಕೆಳಕ್ಕೆ ಇಳಿದಿತ್ತು, ತಲೆಕೆಳಗು. ಒತ್ತಡದ ತುಂಡು ತೆರೆದ ತುದಿಗೆ ಬಂದಾಗ ಗಾಳಿ ಹೊರಗೆ ನುಗ್ಗುತ್ತದೆ, ಆಗ ಉಳಿಯುವ ಒತ್ತಡದ ಕೊರತೆಯೇ ಹಿಂದಕ್ಕೆ ಓಡಿ ಬರುತ್ತದೆ.

ಹೊತ್ತಿನಲ್ಲೂ ಚಿಕ್ಕ ವ್ಯತ್ಯಾಸ ಇತ್ತು. ತೆರೆದ ತುದಿಯದ್ದು ಸುಮಾರು 8 ಸ್ಯಾಂಪಲ್ ತಡ. ಅಲೆ ಪೈಪಿನ ಅಂಚಿನಲ್ಲೇ ತಿರುಗುವುದಿಲ್ಲ, ಒಳ ಅರ್ಧವ್ಯಾಸದ ಸುಮಾರು 0.6 ಪಟ್ಟು ಹೊರಗೆ ಹೋದ ಹಾಗೆ ಲೆಕ್ಕ. ಈ ಪೈಪಿಗೆ 3 ಸೆಂಟಿಮೀಟರ್.

ಬೋರ್‌ವೆಲ್‌ಗೆ ಇದರಿಂದ ಏನು ಉಪಯೋಗ ಅಂದರೆ, ನೀರು ಮುಚ್ಚಿದ ತುದಿ ಇದ್ದ ಹಾಗೆ. ಗಾಳಿಯಿಂದ ನೀರಿಗೆ ಬಡಿದ ಶಬ್ದದಲ್ಲಿ ಸಾವಿರದಲ್ಲಿ ಒಂದು ಪಾಲು ಶಕ್ತಿ ಒಳಗೆ ಹೋದರೆ ಹೆಚ್ಚು, ಉಳಿದದ್ದೆಲ್ಲ ವಾಪಸ್. ಹಾಗಾಗಿ ನೀರಿನ ಪ್ರತಿಧ್ವನಿ ನೆಟ್ಟಗೇ ಬರಬೇಕು. ಕೊಳವೆ ಎಲ್ಲಾದರೂ ಅಗಲವಾದರೆ ತಲೆಕೆಳಗಾದ ಪ್ರತಿಧ್ವನಿ. ಕಿರಿದಾದರೆ ನೆಟ್ಟಗಿನ, ಆದರೆ ಸಣ್ಣ ಪ್ರತಿಧ್ವನಿ.

ನಿಮ್ಮ ಮೈಕಿನಲ್ಲಿ ಮೇಲೆ ಕೆಳಗೆ ಅದಲುಬದಲು ಇರಬಹುದು. ಅದಕ್ಕೇ ಮೊದಲು ಪೈಪಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು.

ಹಂತ 5: ಬೆಳಗ್ಗೆ ಮತ್ತು ಮಧ್ಯಾಹ್ನ

ಅದೇ ಪೈಪು, ಕ್ಯಾಪ್ ಹಾಕಿದ್ದು, ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ.

ಬೆಳಗ್ಗೆ 22 ಡಿಗ್ರಿ: 1,535 ಸ್ಯಾಂಪಲ್. 12 ಮೀಟರ್ ದಾರಿಗೆ ಸೆಕೆಂಡಿಗೆ ಸುಮಾರು 345 ಮೀಟರ್ ವೇಗ.

ಮಧ್ಯಾಹ್ನ ಬಿಸಿಲಲ್ಲಿ 38 ಡಿಗ್ರಿ: 1,493 ಸ್ಯಾಂಪಲ್. ಸುಮಾರು 354 ಮೀಟರ್.

ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಏರಿಕೆ ಅಂತ ಪುಸ್ತಕದಲ್ಲಿ ಇರುತ್ತದಲ್ವಾ, ಅದು ನಮ್ಮ ಅಂಗಳದಲ್ಲೇ 42 ಸ್ಯಾಂಪಲ್ ವ್ಯತ್ಯಾಸವಾಗಿ ಕಣ್ಣಿಗೆ ಕಂಡಿತು. ನನಗಂತೂ ತುಂಬ ಖುಷಿಯಾಯಿತು. ಜೋರಾಗಿ ಹೊಡೆದರೆ ಬೇಗ ಬರುತ್ತದಾ ಅಂತ ಮಗಳು ಕೇಳಿದಳು. ಮೆತ್ತಗೆ ಹೊಡೆದು, ಜೋರಾಗಿ ಹೊಡೆದು ಇಬ್ಬರೂ ನೋಡಿದೆವು. ಗೆರೆ ಎತ್ತರ ಆಗುತ್ತದೆ, ಹೊತ್ತು ಬದಲಾಗುವುದಿಲ್ಲ.

ಹಂತ 6: ಸ್ಪೀಕರ್ ಮತ್ತು ಒಂದೇ ಸುತ್ತಿನ ಸದ್ದು

ಬೋರ್‌ವೆಲ್ ಬಾಯಲ್ಲಿ ಪೈಪು, ಕ್ಲ್ಯಾಂಪು ಇರುವುದರಿಂದ ಚಪ್ಪಲಿ ಆಗುವುದಿಲ್ಲ. ಪಟಾಕಿ ಹಚ್ಚಿ ಬಿಡಿ ಅಂತ ಒಬ್ಬರು ಹೇಳಿದರು. ದಯವಿಟ್ಟು ಯಾರೂ ಮಾಡಬೇಡಿ. ಬೋರ್‌ವೆಲ್ ಒಳಗೆ ಹತ್ತಿಕೊಳ್ಳುವ ಗ್ಯಾಸ್ ಇರಬಹುದು, ಕೇಬಲ್ ಕೂಡ ಇದೆ.

ಹಳೆಯ ಹೋಂ ಥಿಯೇಟರಿನ 4 ಇಂಚಿನ ವೂಫರ್ (ದಪ್ಪ ಸದ್ದಿನ ಸ್ಪೀಕರ್) ಇತ್ತು. ಅದಕ್ಕೆ ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್, 60 ರೂಪಾಯಿ. ಈ ಬೋರ್ಡಿನ ಎರಡು ಚಾನೆಲ್‌ಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು, ಬೋರ್ಡ್ ಸುಟ್ಟುಹೋಗಬಹುದು. ಒಂದೇ ಚಾನೆಲ್ ಬಳಸಿದರೆ ಸಾಕು. ಪವರ್ ಬ್ಯಾಂಕಿನಿಂದ ಕರೆಂಟ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ, ಬೋರ್ಡ್ ಎಳೆಯುವ ಕರೆಂಟು ಅಷ್ಟು ಕಡಿಮೆ. ಮೂರು ಎಎ ಸೆಲ್ ಹಾಕಿದೆ, 4.5 ವೋಲ್ಟ್, ಏನೂ ತೊಂದರೆ ಇಲ್ಲ.

ಸದ್ದನ್ನು ಆಡಾಸಿಟಿಯಲ್ಲೇ ಮಾಡಿದ್ದು: 100 ಹರ್ಟ್ಜ್ ಟೋನ್, 10 ಮಿಲಿಸೆಕೆಂಡ್. ಅಂದರೆ ಒಂದೇ ಒಂದು ಸುತ್ತು. ಆಮೇಲೆ 2 ಸೆಕೆಂಡ್ ಮೌನ. ಇದನ್ನೇ 16 ಸಲ. ಗಾಳಿಯಲ್ಲಿ ಈ ಸದ್ದಿನ ಉದ್ದ ಸುಮಾರು ಮೂರೂವರೆ ಮೀಟರ್. ಹಾಗಾಗಿ ಹತ್ತಿರ ಹತ್ತಿರ 6 ಅಡಿಯೊಳಗಿನದ್ದು ಏನೂ ಬೇರೆಯಾಗಿ ಕಾಣುವುದಿಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ.

100 ಹರ್ಟ್ಜೇ ಯಾಕೆ? ಕೊಳವೆಯ ಗೋಡೆ ಶಬ್ದವನ್ನು ತಿನ್ನುತ್ತದೆ, ಕೀರಲು ಸದ್ದನ್ನು ಜಾಸ್ತಿ ತಿನ್ನುತ್ತದೆ. ಫ್ರೀಕ್ವೆನ್ಸಿ ನಾಲ್ಕು ಪಟ್ಟಾದರೆ ಡೆಸಿಬಲ್ ಲೆಕ್ಕದ ನಷ್ಟ ಎರಡು ಪಟ್ಟು. ಜೊತೆಗೆ ಆರೂವರೆ ಇಂಚಿನ ಬೋರಿನ ನಡುವೆ ಪೈಪ್ ಇರುವಾಗ ಸುಮಾರು 1,000 ಹರ್ಟ್ಜ್ ದಾಟಿದ ಸದ್ದು ಒಳಗೆ ಅಡ್ಡಾದಿಡ್ಡಿ ಬಡಿದುಕೊಂಡು ಹೋಗುತ್ತದೆ. ಒಂದೊಂದು ದಾರಿಯದ್ದು ಒಂದೊಂದು ಹೊತ್ತಿಗೆ ಬಂದು ಗೆರೆ ಕಲಸಿಹೋಗುತ್ತದೆ. 400 ಹರ್ಟ್ಜ್‌ನಲ್ಲೂ ನೋಡಿದೆ, ಹೊತ್ತು ಅಷ್ಟೇ, ಪ್ರತಿಧ್ವನಿ ಮಾತ್ರ ಸಣ್ಣದು.

ಹಂತ 7: ನೀರಿದ್ದೂ ಬಳಸದ ಬೋರಿನಲ್ಲಿ ತಾಳೆ

ತೋಟದ ಮೂಲೆಯಲ್ಲಿ ಮೋಟರ್ ಎತ್ತಿ ಬಿಟ್ಟಿದ್ದ ಹಳೆಯ ಬೋರ್ ಇದೆ, ಕ್ಯಾಪ್ ಬೋಲ್ಟ್ ಹಾಕಿ ಮುಚ್ಚಿದ್ದು. ಒಳಗೆ ಪೈಪಿಲ್ಲದ ಕಾರಣ ತಂತಿ ಬಿಡಬಹುದು. ಎರಡು ಎಳೆ ತಂತಿಯ ತುದಿ ಸುಲಿದು, ಸಣ್ಣ ಭಾರ ಕಟ್ಟಿ, ಇನ್ನೊಂದು ತುದಿಯನ್ನು ಮಲ್ಟಿಮೀಟರ್‌ಗೆ ಹಾಕಿ ಇಳಿಸಿದೆ. ನೀರು ಮುಟ್ಟಿದ ಕೂಡಲೇ ಮೀಟರ್ ಮುಳ್ಳು ಅಲ್ಲಾಡಿತು. ಬಾಯಿಯಿಂದ 41.6 ಮೀಟರ್.

ಆಮೇಲೆ ಸ್ಪೀಕರನ್ನು ಬಾಯಿಗೆ ಮುಖ ಕೆಳಗಾಗಿ ಕೂರಿಸಿ, ಸುತ್ತ ಹಳೆಯ ಸೈಕಲ್ ಟ್ಯೂಬ್ ಇಟ್ಟು, ಮೇಲೆ ಒದ್ದೆ ಗೋಣಿಚೀಲ ಒತ್ತಿದೆ. ಮೈಕ್ ಸ್ಪೀಕರ್ ಪಕ್ಕದಲ್ಲೇ ಒಳಗೆ. ಪ್ರತಿಧ್ವನಿ 0.239 ಸೆಕೆಂಡಿಗೆ ಬಂತು.

83.2 ಮೀಟರನ್ನು 0.239ರಿಂದ ಭಾಗಿಸಿದರೆ 348. ಒಳಗಿನ ಗಾಳಿ 26 ಡಿಗ್ರಿ ಇತ್ತು. ಒಣ ಗಾಳಿಗೆ ಆ ಲೆಕ್ಕದಲ್ಲಿ 346.7 ಬರಬೇಕು. ಆದರೆ ಬೋರಿನೊಳಗಿನ ಗಾಳಿ ತೇವದಿಂದ ತುಂಬಿರುತ್ತದೆ, ನೀರಾವಿ ಗಾಳಿಗಿಂತ ಹಗುರ, ಅದಕ್ಕೇ ಶಬ್ದ ಸ್ವಲ್ಪ ಬೇಗ ಓಡುತ್ತದೆ. ನಮ್ಮ ಕಡೆಯ ಬೋರಿಗೆ 348 ಹಿಡಿದರೆ ಸರಿ. ಶಾಲೆಯಲ್ಲಿ ಕಲಿತ 343 ಹಾಕಿದ್ದರೆ 60 ಸೆಂಟಿಮೀಟರ್ ತಪ್ಪುತ್ತಿತ್ತು.

ಕೆಲಸ ಮುಗಿದ ಕೂಡಲೇ ಕ್ಯಾಪ್ ಮತ್ತೆ ಬೋಲ್ಟ್ ಹಾಕಿ ಬಿಗಿ ಮಾಡಿದೆ. ಅದನ್ನು ಒಂದು ಗಂಟೆಯೂ ತೆರೆದು ಬಿಟ್ಟು ಹೋಗಬಾರದು, ಮಕ್ಕಳು ಓಡಾಡುವ ಜಾಗ.

ಹಂತ 8: ನಮ್ಮ ಬೋರ್, ಮೋಟರ್ ನಿಲ್ಲಿಸಿದಾಗ

ಬೆಳಗ್ಗೆ, ರಾತ್ರಿಯೆಲ್ಲ ಮೋಟರ್ ಓಡದೆ ಇದ್ದಾಗ. ಸ್ಟಾರ್ಟರ್ ಆಫ್, ಫ್ಯೂಸ್ ಕಿತ್ತು ಜೇಬಿಗೆ. ಕ್ಲ್ಯಾಂಪಿನ ಸಂದಿಯಲ್ಲಿ ಸ್ಪೀಕರ್ ಕೂರಿಸಲು 4 ಇಂಚಿನಿಂದ 2 ಇಂಚಿಗೆ ಬರುವ ರೆಡ್ಯೂಸರ್ ಹಾಕಿದೆ, 85 ರೂಪಾಯಿ. ಉಳಿದ ಸಂದಿಯನ್ನೆಲ್ಲ ಟ್ಯೂಬ್ ತುಂಡು, ಒದ್ದೆ ಗೋಣಿಯಿಂದ ತುಂಬಿದೆ. ತುಂಬದೆ ನೋಡಿದಾಗ ಪ್ರತಿಧ್ವನಿ ಮೂರನೇ ಒಂದು ಪಾಲೂ ಇರಲಿಲ್ಲ.

16 ರೆಕಾರ್ಡಿಂಗ್ ಕತ್ತರಿಸಿ, ಒಂದರ ಕೆಳಗೆ ಒಂದು ಜೋಡಿಸಿ, ಮಿಕ್ಸ್ ಮಾಡಿದೆ. ಪ್ರತಿಧ್ವನಿ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಕೂಡುತ್ತದೆ, ಗಾಳಿ, ಹಕ್ಕಿ, ದೂರದ ಟ್ರ್ಯಾಕ್ಟರ್ ಸದ್ದು ಕೂಡುವುದಿಲ್ಲ. 16 ಸೇರಿಸಿದರೆ ಪ್ರತಿಧ್ವನಿಗೆ ಹೋಲಿಸಿದಾಗ ಗದ್ದಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಮೇಲೆ 300 ಹರ್ಟ್ಜ್ ಲೋ-ಪಾಸ್ ಫಿಲ್ಟರ್, ಅಂದರೆ 300ಕ್ಕಿಂತ ಕೀರಲು ಸದ್ದನ್ನು ತಗ್ಗಿಸುವುದು. ಫಿಲ್ಟರ್ ಗೆರೆಯನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ. ಹಾಗಾಗಿ ಬಿಟ್ಟ ಸದ್ದು, ಬಂದ ಸದ್ದು ಎರಡಕ್ಕೂ ಅದೇ ಫಿಲ್ಟರ್ ಹಾಕಬೇಕು, ಆಗ ತಪ್ಪು ಹೊಡೆದುಹೋಗುತ್ತದೆ.

ಕಂಡದ್ದು ಇಷ್ಟು:

0.140 ಸೆಕೆಂಡಿಗೆ ಒಂದು ಸಣ್ಣ ಗೆರೆ, ತಲೆಕೆಳಗು. ಲೆಕ್ಕ ಹಾಕಿದರೆ 80 ಅಡಿ. ಬೋರ್ ಕೊರೆಸಿದ ಬಿಲ್ ತೆಗೆದು ನೋಡಿದೆ, ಕೇಸಿಂಗ್ 80 ಅಡಿ. ಕೇಸಿಂಗ್ ಮುಗಿದ ಕೆಳಗೆ ಬೋರು ಕುಸಿದು ಅಗಲವಾಗಿದೆ ಅಂತಾಯಿತು. ಗೆರೆ ಮೇಲೋ ಕೆಳಗೋ ಅಂತ ನೋಡದೆ ಇದ್ದರೆ ಇದನ್ನೇ ನೀರು ಅಂದುಕೊಂಡು 80 ಅಡಿಯಲ್ಲಿ ನೀರಿದೆ ಅಂತ ಕುಣಿದಾಡಬಹುದಿತ್ತು.

0.327 ಸೆಕೆಂಡಿಗೆ ದೊಡ್ಡ ಗೆರೆ, ನೆಟ್ಟಗೆ. 56.9 ಮೀಟರ್, ಅಂದರೆ ಸುಮಾರು 187 ಅಡಿ.

0.654 ಸೆಕೆಂಡಿಗೆ ಇನ್ನೊಂದು, ತೆಳುವಾಗಿ, ನೆಟ್ಟಗೆ. ಸರಿಯಾಗಿ ಎರಡರಷ್ಟು ಹೊತ್ತು. ನೀರಿಗೆ ಬಡಿದು, ಮೇಲೆ ಸ್ಪೀಕರ್‌ಗೆ ಬಡಿದು, ಮತ್ತೆ ನೀರಿಗೆ ಹೋಗಿ ಬಂದದ್ದು. ಇದು ಸಿಕ್ಕಿದರೆ 187 ಅಡಿ ಖಾತ್ರಿ. ವೇಗದಲ್ಲಿ ನೂರಕ್ಕೆ ಒಂದು ತಪ್ಪಿದ್ದರೂ ಎರಡು ಅಡಿ ಹೆಚ್ಚುಕಡಿಮೆ, ಅಷ್ಟೇ.

ಹಂತ 9: ಮೋಟರ್ ಓಡುವಾಗ

ಎರಡು ಗಂಟೆ ಮೋಟರ್ ಓಡಿಸಿ, ಓಡುತ್ತಿರುವಾಗಲೇ ಅಳೆದೆ. ಮೋಟರಿನ ಗುಂಯ್ ಸದ್ದು ಇರುವುದರಿಂದ 16 ಸಾಲದು, 48 ಸೇರಿಸಿದೆ. 0.417 ಸೆಕೆಂಡ್. 238 ಅಡಿ.

ಮೋಟರ್ ಇರುವುದು 340ರಲ್ಲಿ. ಓಡುವಾಗಲೂ ಅದರ ಮೇಲೆ 100 ಅಡಿ ನೀರಿದೆ. ಮೂರು ಲೆಂತ್ ಇಳಿಸಿ ಏನೂ ಆಗುವುದಿಲ್ಲ!

ಹಾಗಾದರೆ ನೀರು ಯಾಕೆ ಕಡಿಮೆ? ಉತ್ತರ ಅದೇ ರೆಕಾರ್ಡಿಂಗ್‌ನಲ್ಲಿತ್ತು. ಫಿಲ್ಟರ್ ತೆಗೆದು ಹೆಡ್‌ಫೋನ್ ಹಾಕಿ ಕೇಳಿದರೆ ಒಂದೇ ಸಮನೆ ಸೊರ್ ಅಂತ ನೀರು ಬೀಳುವ ಸದ್ದು. ಮೋಟರ್ ಆಫ್ ಮಾಡಿದ ಮೇಲೂ ಒಂದೆರಡು ನಿಮಿಷ ಬಂದು, ಮೆಲ್ಲಗೆ ಕಡಿಮೆಯಾಗಿ ನಿಂತಿತು. ಬೆಳಗ್ಗೆ ಅಳೆದಾಗ ಅದು ಇರಲೇ ಇಲ್ಲ. ಬಂಡೆಯ ಸೆಲೆಯಿಂದ ಸುರಿಯುವುದಾದರೆ ಮೋಟರ್ ನಿಲ್ಲಿಸಿದ ಕೂಡಲೇ ಇಷ್ಟು ಬೇಗ ನಿಲ್ಲುವುದಿಲ್ಲ. ಪೈಪ್ ತೂತಾಗಿದೆ, ಮೇಲೆ ಬರಬೇಕಾದ ನೀರು ಅಲ್ಲೇ ವಾಪಸ್ ಸುರಿಯುತ್ತಿದೆ ಅಂತ ಅನಿಸಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿ ರೆಕಾರ್ಡಿಂಗ್ ಕೇಳಿಸಿದೆ. "ಎತ್ತೋಣ ಸಾರ್" ಅಂದರು. ಮೇಲಿನಿಂದ ಐದನೇ ಲೆಂತಿನ ಕಪ್ಲಿಂಗ್ ಹತ್ತಿರ ತುಕ್ಕು ತಿಂದು ಹೆಬ್ಬೆರಳು ಹೋಗುವಷ್ಟು ತೂತು. ಆ ಒಂದು ಲೆಂತ್ ಮತ್ತು ಎರಡು ಕಪ್ಲಿಂಗ್ ಬದಲಿಸಿದರು. ಎತ್ತಿ ಇಳಿಸಿದ ಕೂಲಿ 4,500, ಪೈಪಿನದ್ದು ಬೇರೆ. ನೀರು ಮತ್ತೆ ಎರಡು ಇಂಚು ಬರುತ್ತಿದೆ.

ಖರ್ಚು

ಮೈಕ್ 180, ಸ್ಪ್ಲಿಟರ್ 120, ಆಂಪ್ಲಿಫೈಯರ್ 60, ರೆಡ್ಯೂಸರ್ 85, ಸೆಲ್ ಮತ್ತು ತಂತಿ 150. ಒಟ್ಟು 595 ರೂಪಾಯಿ. ಲ್ಯಾಪ್‌ಟಾಪ್, ಹಳೆ ವೂಫರ್, ಪಿವಿಸಿ ಪೈಪ್ ಮನೆಯದ್ದು.

ಇನ್ನೂ ಆಗದೆ ಉಳಿದದ್ದು

ಪಕ್ಕದ ತೋಟದವರ ಬೋರ್ 900 ಅಡಿ. ಅವರೂ ಅಳೆದು ಕೊಡಿ ಅಂದರು. ಅಲ್ಲಿ ಕೇಸಿಂಗಿನ ತಲೆಕೆಳಗು ಗೆರೆ ಕಾಣುತ್ತದೆ, ಮಧ್ಯೆ ಬಂಡೆಯ ಬಿರುಕಿನದ್ದು ಇರಬಹುದಾದ ಇನ್ನೂ ಎರಡು ಕಾಣುತ್ತವೆ, ನೆಟ್ಟಗಿನ ದೊಡ್ಡ ಗೆರೆ ಮಾತ್ರ ಸಿಗುತ್ತಿಲ್ಲ. ನೀರು 700 ಅಡಿಯಲ್ಲಿದ್ದರೆ ಪ್ರತಿಧ್ವನಿ ಬರಲು 1.2 ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟು ದಾರಿಯಲ್ಲಿ ಒರಟು ಬಂಡೆ ಸದ್ದನ್ನು ತಿಂದುಬಿಡುತ್ತದೆ. ಮುಂದೆ 6 ಇಂಚಿನ ವೂಫರ್, 12 ವೋಲ್ಟಿನ ಆಂಪ್ಲಿಫೈಯರ್ ಹಾಕಿ 70 ಹರ್ಟ್ಜ್‌ನಲ್ಲಿ ನೋಡಬೇಕು ಅಂತಿದ್ದೇನೆ. ಇನ್ನೂ ಕೆಳಗೆ, 50ರ ಹತ್ತಿರ ಹೋದರೆ ಕರೆಂಟ್ ಲೈನಿನ ಗುಂಯ್ ಅನ್ನುವ ಸದ್ದು ಅಡ್ಡ ಬರುತ್ತದೆ. ಇಷ್ಟು ಆಳದ ಬೋರಿನಲ್ಲಿ ಯಾರಾದರೂ ಹೀಗೆ ಅಳೆದಿದ್ದರೆ ಯಾವ ಸ್ಪೀಕರ್, ಎಷ್ಟು ವ್ಯಾಟ್ ಬಳಸಿದಿರಿ ಅಂತ ದಯವಿಟ್ಟು ತಿಳಿಸಿ.